ಹಳೇ ಬೇಸ್‌ಬಾಲ್ ಕಾರ್ಡು ಕೊಳ್ಳುವುದು ಹೇಗೆ? ಒರೆಗಲ್ಲಿಗೆ ಮೊದಲು ಒಂದು ಹರಕು ಕಾರ್ಡು

ಹೋದ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಒಂದು ಕಾರ್ಡು ಮೇಳಕ್ಕೆ ಸ್ನೇಹಿತರ ಮಗನನ್ನು ಕರೆದುಕೊಂಡು ಹೋಗಿದ್ದೆ. ಹನ್ನೆರಡು ವರ್ಷದ ಹುಡುಗ. ಬೇಸ್‌ಬಾಲ್ ಅಂದರೆ ಪ್ರಾಣ. ಒಂದು ಮೇಜಿನ ಮೇಲೆ ಹೆಸರಾಂತ ಆಟಗಾರ ಹ್ಯಾಂಕ್ ಆರನ್ ಅವರ 1954ರ ಕಾರ್ಡು ಕಾಣಿಸಿತು. "ಅಂಕಲ್, ಹ್ಯಾಂಕ್ ಆರನ್! ನೂರಿಪ್ಪತ್ತೇ ಡಾಲರ್!" ಅಂದ. ನಾನು ಪಕ್ಕದ ಮೇಜಿನಿಂದ ಎದ್ದು ಬರುವಷ್ಟರಲ್ಲಿ ಹುಟ್ಟುಹಬ್ಬದ ದುಡ್ಡು ಕೈ ಬದಲಾಗಿತ್ತು. ಮನೆಗೆ ಬಂದು ಅಳತೆಪಟ್ಟಿ ಇಟ್ಟರೆ ಅಗಲ 64 ಮಿಲಿಮೀಟರ್. ಆ ವರ್ಷ ಟಾಪ್ಸ್ ಕಂಪನಿ ತಂದ ಕಾರ್ಡು 67 ಮಿಲಿಮೀಟರ್ ಇರಬೇಕು. ಅದು ಮರುಮುದ್ರಣ. ಹುಡುಗ ಕಾರ್ಡನ್ನು ಬೋರಲು ಹಾಕಿ ಸುಮ್ಮನೆ ಕೂತ.

ಹೀಗೆ ಮೋಸ ಹೋದವರನ್ನು ನಾನು ತುಂಬಾ ಜನ ನೋಡಿದ್ದೇನೆ. ದೊಡ್ಡವರೂ ಇದ್ದಾರೆ, ಕೈತುಂಬ ಸಂಬಳ ತರುವವರೂ ಇದ್ದಾರೆ. ಎಲ್ಲರದ್ದೂ ಒಂದೇ ತಪ್ಪು. ಕಾರ್ಡಿನ ಮೇಲಿನ ಹೆಸರು ನೋಡುತ್ತಾರೆ, ಕಾರ್ಡು ನೋಡುವುದಿಲ್ಲ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಈಗ ಈ ಹವ್ಯಾಸಕ್ಕೆ ಇಳಿಯುತ್ತಿದ್ದಾರೆ, ಮಕ್ಕಳ ಹಿಂದೆ ಅಪ್ಪ ಅಮ್ಮಂದಿರೂ ಇಳಿಯುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದು ವರ್ಷ ಆರಿಸಿಕೊಳ್ಳಿ

ನಮ್ಮೂರಿನ ಅಂಗಡಿಗಳಲ್ಲಿ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು, ನೆನಪಿದೆ ಅಲ್ವಾ? ಇದೂ ಅದೇ ಸಂಗತಿ, ಆದರೆ ಇನ್ನೂ ಹಳೆಯದು. ಮೊದಲು ಸಿಗರೇಟು ಪ್ಯಾಕಿನಲ್ಲಿ ಬಂತು, ಆಮೇಲೆ ಚೂಯಿಂಗ್ ಗಮ್ ಜೊತೆ ಬಂತು. ಟಿ206 ಅಂತ ಕರೆಯುವ ಕಾರ್ಡುಗಳು 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಬಂದವು. ಟಿ ಅಂದರೆ ಟೊಬ್ಯಾಕೊ. ಈ ಸಂಕೇತಗಳನ್ನೆಲ್ಲ ಕೊಟ್ಟವರು ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು. ಅವರು ಕೂಡಿಸಿದ 30,000ಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳು ಇವತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ.

ಹೊಸಬರು ಟಿ206 ಕಡೆ ಹೋಗಬೇಡಿ. 1952ರ ಟಾಪ್ಸ್ ಕಡೆಗೂ ಬೇಡ. ಒಂದು ವರ್ಷ ಬಂದ, ನಂಬರು ಹಾಕಿದ ಕಾರ್ಡುಗಳ ಸಾಲಿಗೆ ಸೆಟ್ ಅಂತಾರೆ. ಆ ಸೆಟ್‌ನ 311ನೇ ನಂಬರಿನ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಸುಮಾರು ಜನ ಅಂದುಕೊಂಡಂತೆ ಅದು ಮ್ಯಾಂಟಲ್ ಅವರ ಮೊದಲ ಕಾರ್ಡಲ್ಲ. ಮೊದಲನೆಯದು 1951ರ ಬೌಮನ್ ಕಂಪನಿಯದು. ಮ್ಯಾಂಟಲ್ ಕಾರ್ಡಿದ್ದ 1952ರ ಸೆಟ್‌ನ ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಆಟದ ಋತು ಮುಗಿಯುತ್ತಾ ಬಂದಿತ್ತು. ಕಾರ್ಡು ಮಾರಾಟವಾಗಲಿಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ಕೊಳೆಯಿತು. ಆ ಸೆಟ್ ರೂಪಿಸಿದ ಸೈ ಬರ್ಗರ್ ಅವರೇ 1960ರಲ್ಲಿ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಹೇಳಿಕೊಂಡಿದ್ದಾರೆ. ಕಾರ್ಡು ಕಡಿಮೆಯಾದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ನಕಲಿ ಮಾಡುವವರು ಹುಟ್ಟಿಕೊಳ್ಳುತ್ತಾರೆ.

ನನ್ನ ಮಾತು ಕೇಳುವುದಾದರೆ 1956ರ ಟಾಪ್ಸ್‌ನಿಂದ ಶುರು ಮಾಡಿ. ಅಡ್ಡಗಲದ ಕಾರ್ಡು. ಒಂದು ಕಡೆ ಆಟಗಾರನ ದೊಡ್ಡ ಮುಖ, ಹಿನ್ನೆಲೆಯಲ್ಲಿ ಅವನು ಆಡುತ್ತಿರುವ ಚಿತ್ರ. ಒಟ್ಟು 340 ಕಾರ್ಡು. ಹೆಸರುವಾಸಿಯಲ್ಲದ ಆಟಗಾರರ ಸವೆದ ಕಾರ್ಡುಗಳು ಇವತ್ತಿಗೂ ಕೆಲವೇ ಡಾಲರಿಗೆ ಸಿಗುತ್ತವೆ. ಇಷ್ಟು ಚೆಂದದ ಸೆಟ್ ಆಮೇಲೆ ಬಂದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಸೆಟ್ ಪೂರ್ತಿ ಮಾಡುವ ಹಠ ಮಾತ್ರ ಮೊದಲ ದಿನವೇ ಬೇಡ. ಆ ಹಠವನ್ನು ಕಂಪನಿಗಳೇ ಬಳಸಿಕೊಂಡಿವೆ. 1933ರಲ್ಲಿ ಗೌಡಿ ಎಂಬ ಗಮ್ ಕಂಪನಿ 240 ಕಾರ್ಡುಗಳ ಸೆಟ್ ತಂದಾಗ 106ನೇ ನಂಬರನ್ನು ಅಚ್ಚೇ ಹಾಕಿಸಲಿಲ್ಲ. ಅದು ಸಿಗಬಹುದು ಅಂತ ಮಕ್ಕಳು ಗಮ್ ಕೊಳ್ಳುತ್ತಲೇ ಇದ್ದರು. ಮುಂದಿನ ವರ್ಷ ನ್ಯಾಪ್ ಲಾಜೊಯ್ ಅವರ ಚಿತ್ರದೊಂದಿಗೆ ಆ ನಂಬರು ಅಚ್ಚಾಯಿತು. ಅದೂ ಪತ್ರ ಬರೆದು ಕೇಳಿದವರಿಗೆ ಮಾತ್ರ.

ಇನ್ನೊಂದು ವಿಷಯ. ಯಾರಾದರೂ "ನಮ್ಮ ಅಟ್ಟದ ಮೇಲೆ 1989ರ ಕಾರ್ಡು ಎರಡು ಡಬ್ಬ ಇದೆ" ಅಂತ ಕೊಡಲು ಬಂದರೆ ಆಸೆ ಪಡಬೇಡಿ. 80ರ ದಶಕದ ಕೊನೆ, 90ರ ದಶಕದ ಶುರುವಿನಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಕಾರ್ಡು ಅಚ್ಚು ಹಾಕಿದವು. ಎಲ್ಲರೂ ಜೋಪಾನವಾಗಿ ಎತ್ತಿಟ್ಟರು. ಹಾಗಾಗಿ ಹೆಚ್ಚಿನವಕ್ಕೆ ಬೆಲೆ ಇಲ್ಲ.

ಹೆಜ್ಜೆ 2: ನಾಲ್ಕು ಸಾಮಾನು

ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಲೂಪ್. ಮಿಲಿಮೀಟರ್ ಗೆರೆ ಇರುವ ಪ್ಲಾಸ್ಟಿಕ್ ಸ್ಕೇಲು, ಸ್ಟೀಲಿನದು ಬೇಡ, ಅಂಚು ತಾಗಿದರೆ ಕಾರ್ಡು ಗೀರುತ್ತದೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚು.

ನಾಲ್ಕನೆಯದೇ ಮುಖ್ಯ. ನೀವು ಆರಿಸಿದ ವರ್ಷದ, ಅಸಲಿ ಅಂತ ಖಾತ್ರಿ ಇರುವ ಒಂದು ಅಗ್ಗದ ಕಾರ್ಡು. ಮೂಲೆ ಮುಕ್ಕಾಗಿರಲಿ, ನಡುವೆ ಮಡಿಕೆ ಬಿದ್ದಿರಲಿ, ಪರವಾಗಿಲ್ಲ. ಎರಡು ಮೂರು ಡಾಲರಿನ ಕಾರ್ಡನ್ನು ಯಾರೂ ನಕಲಿ ಮಾಡುವುದಿಲ್ಲ. ಅದೇ ನಿಮ್ಮ ಒರೆಗಲ್ಲು. ನಾನು ಮೇಳಕ್ಕೆ ಹೋಗುವಾಗ ಅಂಗಿ ಜೇಬಿನಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ.

ಹೆಜ್ಜೆ 3: ಪಕ್ಕಪಕ್ಕದಲ್ಲಿಟ್ಟು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಅವಸರ ಮಾಡಬೇಡಿ. ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ.

ಮೊದಲು ಅಳತೆ. 1952ರಿಂದ 1956ರವರೆಗೆ ಟಾಪ್ಸ್ ಕಾರ್ಡು 2⅝ ಇಂಚಿಗೆ 3¾ ಇಂಚು, ಅಂದರೆ ಸುಮಾರು 67 ಮಿಲಿಮೀಟರಿಗೆ 95. 1957ರಿಂದ ಇವತ್ತಿನವರೆಗೂ 2½ ಇಂಚಿಗೆ 3½ ಇಂಚು, ಸುಮಾರು 64ಕ್ಕೆ 89. ಟಾಪ್ಸ್ ಕಂಪನಿಯೇ 1983ರಲ್ಲಿ 1952ರ ಸೆಟ್ಟನ್ನು ಮತ್ತೆ ಅಚ್ಚು ಹಾಕಿತು, ಈಗಿನ ಚಿಕ್ಕ ಅಳತೆಯಲ್ಲಿ. ಅದು ಮೋಸವಲ್ಲ, ಮರುಮುದ್ರಣ ಅಂತ ಹಿಂದೆ ಬರೆದೇ ಇತ್ತು. ಆ ಬರಹವನ್ನು ಕೆರೆದು ತೆಗೆದು ಮಾರುವವರು ಆಮೇಲೆ ಬಂದರು. ಅದಕ್ಕೇ ಕಾರ್ಡನ್ನು ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆನ್ನಿನಲ್ಲಿ ಎಲ್ಲಾದರೂ ಕಾಗದ ತೆಳುವಾಗಿ ಜುಂಗುಜುಂಗಾಗಿ ಎದ್ದಿದ್ದರೆ ಅಲ್ಲಿ ಏನೋ ಇತ್ತು ಅಂತ ಅರ್ಥ.

ಆಮೇಲೆ ಕಾಗದ. ಅಸಲಿ ಕಾರ್ಡನ್ನು ಒಂದು ಕೈಯಲ್ಲಿ, ಕೊಳ್ಳಬೇಕಾದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ದಪ್ಪ, ಬಣ್ಣ, ಹೊಳಪು ಮೂರೂ ಹೊಂದಬೇಕು. ಹಳೇ ರಟ್ಟು ಮಂಕಾಗಿರುತ್ತದೆ. ಹೊಸ ರಟ್ಟು ಜಾರುತ್ತದೆ, ಬೆಳಕು ಬಿದ್ದರೆ ಫಳಫಳ ಅನ್ನುತ್ತದೆ. ಚಹಾ ನೀರಿನಲ್ಲಿ ಅದ್ದಿ ಹಳೇ ಬಣ್ಣ ತರಿಸಿದ ಕಾರ್ಡನ್ನೂ ನೋಡಿದ್ದೇನೆ. ಅಂಥದ್ದರಲ್ಲಿ ಕಂದು ಬಣ್ಣ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾಗಿ ಹಳೆಯದಾದ ಕಾರ್ಡು ಅಂಚಿನಲ್ಲಿ ಜಾಸ್ತಿ, ನಡುವೆ ಕಡಿಮೆ ಮಾಸಿರುತ್ತದೆ. 1956ರ ಸೆಟ್ ಕೊಳ್ಳುವವರು ಒಂದು ನೆನಪಿಡಿ: 1ರಿಂದ 180ರವರೆಗಿನ ಕಾರ್ಡುಗಳು ಬೂದು ಬೆನ್ನಿನಲ್ಲೂ ಬಂದಿವೆ, ಬಿಳಿ ಬೆನ್ನಿನಲ್ಲೂ ಬಂದಿವೆ. ಹಾಗಾಗಿ ಒರೆಗಲ್ಲಿಗೆ ಎರಡೂ ಬಗೆಯದ್ದು ಇಟ್ಟುಕೊಳ್ಳಿ.

ಈಗ ಲೂಪ್. ಕಣ್ಣಿಗೆ ಹತ್ತಿರ ಹಿಡಿದು, ಕಾರ್ಡನ್ನೇ ಮೇಲೆ ತನ್ನಿ. ಚಿತ್ರದ ಭಾಗ ನೋಡಿದರೆ ಚುಕ್ಕಿಗಳು ಕಾಣುತ್ತವೆ, ರಂಗೋಲಿ ಎಳೆಯುವ ಮುಂಚಿನ ಚುಕ್ಕಿಗಳ ಹಾಗೆ, ಸಾಲಾಗಿ. ಕೆಂಪು, ಹಳದಿ, ನೀಲಿ, ಕಪ್ಪು. ಅಸಲಿಯಲ್ಲೂ ಇರುತ್ತವೆ, ನಕಲಿಯಲ್ಲೂ ಇರುತ್ತವೆ. ಅಲ್ಲಿ ನಿಲ್ಲಬೇಡಿ. ಕಪ್ಪು ಅಕ್ಷರಕ್ಕೆ ಬನ್ನಿ. ಅಸಲಿ ಕಾರ್ಡಿನಲ್ಲಿ ಕಪ್ಪು ಅಕ್ಷರ, ಅಚ್ಚು ಹಾಕಿದ ಆಟಗಾರನ ಸಹಿ, ಗೆರೆ ಇವೆಲ್ಲ ಗಟ್ಟಿ ಶಾಯಿ. ಅಂಚು ಕಡಿದಿಟ್ಟ ಹಾಗೆ ಇರುತ್ತದೆ, ಒಳಗೆ ಚುಕ್ಕಿ ಇರುವುದಿಲ್ಲ. ನಕಲಿ ಮಾಡುವವರು ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕುತ್ತಾರೆ. ಆಗ ಅಕ್ಷರವೂ ಚುಕ್ಕಿಗಳಾಗಿ ಒಡೆಯುತ್ತದೆ. ಬರಿಗಣ್ಣಿಗೆ ಕಪ್ಪಾಗಿ ಕಂಡ ಅಕ್ಷರ ಲೂಪಿನಲ್ಲಿ ನೀಲಿ, ಕೆಂಪು ಚುಕ್ಕಿಗಳ ಗುಂಪಾಗಿ ಕಾಣುತ್ತದೆ, ಅಂಚು ಇರುವೆ ತಿಂದ ಹಾಗೆ. ಆ ದಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹುಡುಗನ ಕೈಗೆ ಲೂಪ್ ಕೊಟ್ಟು ಅವನ ಆರನ್ ಕಾರ್ಡನ್ನೂ ನನ್ನ ಒರೆಗಲ್ಲಿನ ಕಾರ್ಡನ್ನೂ ತೋರಿಸಿದೆ. ಒಂದೇ ನೋಟಕ್ಕೆ ಗೊತ್ತಾಯಿತು ಅವನಿಗೆ. "ಅಂಕಲ್, ಇದರಲ್ಲಿ ಸಹಿ ಪೂರ್ತಿ ಮರಳು ಮರಳು" ಅಂದ.

ನೇರಳೆ ಬೆಳಕಿನ ಟಾರ್ಚು ಎರಡನೇ ಮಹಾಯುದ್ಧಕ್ಕೂ ಹಿಂದಿನ ಕಾರ್ಡಿಗೆ ಜಾಸ್ತಿ ಉಪಯೋಗ. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಆಮೇಲೆ. ಕತ್ತಲೆ ಕೋಣೆಯಲ್ಲಿ ಟಾರ್ಚು ಬಿಟ್ಟಾಗ ಟಿ206 ಕಾರ್ಡು ನೀಲಿ ಬಿಳುಪಾಗಿ ಹೊಳೆದರೆ ಅದು ಹೊಸ ಕಾಗದ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ಅಲ್ಲ, ಹಳೇ ಪುಸ್ತಕದ ಖಾಲಿ ಹಾಳೆ ಮೇಲೂ ಅಚ್ಚು ಹಾಕಬಹುದು.

ಕೊನೆಗೆ ಅಂಚು. ಅಸಲಿ ಕಾರ್ಡನ್ನೇ ಕೆಡಿಸಿ ಮಾರುವುದು ನಕಲಿಗಿಂತ ಕಂಡುಹಿಡಿಯಲು ಕಷ್ಟದ ಮೋಸ. ಮೂಲೆ ಸವೆದ ಕಾರ್ಡಿನ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಮೂಲೆ ಮತ್ತೆ ಚೂಪಾಗುತ್ತದೆ. ಕಾರ್ಡನ್ನು ಕಣ್ಣಿನ ಮಟ್ಟಕ್ಕೆ ತಂದು ಅಂಚನ್ನೇ ನೋಡಿ. ಕಾರ್ಖಾನೆಯಲ್ಲಿ ಕತ್ತರಿಸಿ ಎಪ್ಪತ್ತು ವರ್ಷ ಕಳೆದ ಅಂಚಿನಲ್ಲಿ ನಾರು ಇರುತ್ತದೆ, ಮಾಸಿರುತ್ತದೆ. ಹೊಸದಾಗಿ ಕತ್ತರಿಸಿದ ಅಂಚು ಬೆಳ್ಳಗೆ, ನುಣ್ಣಗೆ ಇರುತ್ತದೆ. ನಾಲ್ಕು ಅಂಚೂ ಒಂದೇ ಥರ ಮಾಸಿವೆಯಾ ನೋಡಿ. ಮೂರು ಮಾಸಿ ಒಂದು ಮಾತ್ರ ಹೊಸದಾಗಿದ್ದರೆ ಬೇಡ. ಒರೆಗಲ್ಲಿನ ಕಾರ್ಡಿನ ಮೇಲೆ ಇಟ್ಟು ಅಳೆಯಿರಿ. ಸಾಮಾನ್ಯ ಆಟಗಾರನ ಕಾರ್ಡು ಸ್ವಲ್ಪ ಚಿಕ್ಕದಿದ್ದರೆ ಅದು ಕಾರ್ಖಾನೆಯಲ್ಲೇ ಹಾಗೆ ಬಂದಿರಬಹುದು, ಆಗ ಹಾಗೆ ಆಗುತ್ತಿತ್ತು. ದುಬಾರಿ ಕಾರ್ಡು ಚಿಕ್ಕದಿದ್ದು ಮೂಲೆಗಳೂ ಚೂಪಾಗಿದ್ದರೆ ನಾನಂತೂ ಮುಟ್ಟುವುದಿಲ್ಲ.

1971ರ ಟಾಪ್ಸ್ ಕೊಳ್ಳುವವರಿಗೆ ಒಂದು ಮಾತು. ಆ ವರ್ಷ ಸುತ್ತಲೂ ಕಪ್ಪು ಅಂಚು. ಸ್ವಲ್ಪ ತಾಗಿದರೂ ಬಿಳಿ ಕಾಣುತ್ತದೆ. ಅದನ್ನು ಮಾರ್ಕರ್ ಪೆನ್ನಿನಿಂದ ಮುಚ್ಚುತ್ತಾರೆ. ಕಾರ್ಡಿನ ದಪ್ಪದ ಭಾಗ ನೋಡಿ. ಅಲ್ಲಿ ರಟ್ಟಿನ ಬಣ್ಣ ಇರಬೇಕು. ಕಪ್ಪು ಒಳಗೆ ಇಳಿದಿದ್ದರೆ ಪೆನ್ನಿನ ಕೆಲಸ.

ಹೆಜ್ಜೆ 4: ಡಬ್ಬಿಯ ಮೇಲಿನ ಅಂಕ

ಪಿಎಸ್‌ಎ, ಎಸ್‌ಜಿಸಿ ಥರದ ಸಂಸ್ಥೆಗಳು ಕಾರ್ಡು ಪರೀಕ್ಷಿಸಿ, 1ರಿಂದ 10ರೊಳಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ನಾಲ್ಕೈದು ನೂರು ಡಾಲರ್ ದಾಟುವ ಕಾರ್ಡನ್ನು ಹಾಗೆಯೇ ಕೊಳ್ಳಿ. ಡಬ್ಬಿಯ ನಂಬರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡದೆ ದುಡ್ಡು ಕೊಡಬೇಡಿ, ಡಬ್ಬಿಗಳಿಗೂ ನಕಲಿ ಬಂದಿವೆ.

ಅಂಕ ಇದೆ ಅಂತ ಕಣ್ಣು ಮುಚ್ಚಬೇಡಿ. 1991ರಲ್ಲಿ ಪಿಎಸ್‌ಎ ತನ್ನ ಮೊದಲ ನಂಬರು ಕೊಟ್ಟದ್ದು ಹೋನಸ್ ವ್ಯಾಗ್ನರ್ ಅವರ ಟಿ206 ಕಾರ್ಡಿಗೆ. 8 ಅಂಕ ಸಿಕ್ಕಿತು. ಜಗತ್ತಿನಲ್ಲೇ ಹೆಸರಾದ ಕಾರ್ಡು. ಅದನ್ನು ಹಿಂದೆ ಮಾರಿದ್ದ ಹರಾಜುದಾರ ಅದರ ಅಂಚು ಕತ್ತರಿಸಿದ್ದಾಗಿ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಒಡೆಯದ ಹಳೇ ಪ್ಯಾಕುಗಳನ್ನು ಕೊಳ್ಳಲೇಬೇಡಿ. ಮೇಣದ ಕಾಗದವನ್ನು ಬಿಚ್ಚಿ, ಒಳ್ಳೇ ಕಾರ್ಡು ತೆಗೆದು, ಬಿಸಿ ತಾಗಿಸಿ ಮತ್ತೆ ಅಂಟಿಸುವುದು ಸುಲಭ.

ಹೆಜ್ಜೆ 5: ಇಡುವುದು

ತೆಳು ಪ್ಲಾಸ್ಟಿಕ್ ಕವರು, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಕವರು. ಇಷ್ಟು ಸಾಕು. ಆದರೆ 1956ರವರೆಗಿನ ಟಾಪ್ಸ್ ಕಾರ್ಡು ಈಗಿನ ಕವರಿನಲ್ಲಿ ಹಿಡಿಸುವುದಿಲ್ಲ. ತುರುಕಿದರೆ ಮೂಲೆ ಮಡಿಚಿಕೊಳ್ಳುತ್ತದೆ. ಹಳೇ ಅಳತೆಯ ಕವರು ಅಂತಲೇ ಕೇಳಿ ತನ್ನಿ. ಆಲ್ಬಮ್ ಹಾಳೆಯಾದರೆ ಒಂಬತ್ತು ಜೇಬಿನದು ಬೇಡ, ಎಂಟು ಜೇಬಿನದು ಬೇಕು.

ನಾಲ್ಕು ಮೂಲೆಗೆ ಸ್ಕ್ರೂ ಹಾಕುವ ದಪ್ಪ ಅಕ್ರಿಲಿಕ್ ಪೆಟ್ಟಿಗೆ ನೋಡಲು ಚೆನ್ನಾಗಿರುತ್ತದೆ. ಕೊಳ್ಳಬೇಡಿ. ಸ್ಕ್ರೂ ಬಿಗಿ ಮಾಡಿದಷ್ಟೂ ಕಾರ್ಡು ಚಪ್ಪಟೆಯಾಗುತ್ತದೆ. ಪಿವಿಸಿಯ ಹಳೇ ಆಲ್ಬಮ್ ಹಾಳೆಗಳೂ ಬೇಡ, ವರ್ಷ ಕಳೆದಂತೆ ಅಂಟಂಟಾಗಿ ಶಾಯಿ ಎಳೆದುಕೊಳ್ಳುತ್ತವೆ. ಅಂಚೆಯಲ್ಲಿ ಕಳಿಸುವಾಗ ಕವರಿನ ಬಾಯಿಗೆ ಸೆಲೋಟೇಪ್ ಹಾಕಬೇಡಿ. ಬಣ್ಣ ಬಳಿಯುವವರು ಬಳಸುವ ನೀಲಿ ಟೇಪು ಹಾಕಿ, ತುದಿ ಮಡಚಿ ಬಿಡಿ, ತೆಗೆಯುವವರಿಗೆ ಅನುಕೂಲ.

ಊರಿಗೆ ವಾಪಸ್ ಹೋಗುವವರು, ಅದರಲ್ಲೂ ಮಂಗಳೂರು, ಉಡುಪಿ ಕಡೆಯವರು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಒಂದು ಮಳೆಗಾಲ ಸಾಕು, ರಟ್ಟು ಬೂಸ್ಟು ಹಿಡಿಯಲು.

ಹೆಜ್ಜೆ 6: ಒರೆಸಬೇಡಿ, ತೊಳೆಯಬೇಡಿ

ಹಿಂಬದಿಯಲ್ಲಿ ಗಮ್ ಅಂಟಿದ ಕಂದು ಕಲೆ ಇದ್ದರೆ ಇರಲಿ. ಯಾವ ದ್ರಾವಣವೂ ಬೇಡ, ರಬ್ಬರೂ ಬೇಡ.

ಆ ನಕಲಿ ಆರನ್ ಕಾರ್ಡಿನ ಬೇಸರ ಹೋಗಲಿ ಅಂತ ಹುಡುಗನಿಗೆ 1956ರ ಒಂದು ಸಾಮಾನ್ಯ ಕಾರ್ಡು ಕೊಟ್ಟೆ. ನಾಲ್ಕು ಡಾಲರಿನದು. ಮೂಲೆಗಳೆಲ್ಲ ದುಂಡಗಾಗಿವೆ. ಹಿಂದೆ ಆಗಿನ ಯಾರೋ ಹುಡುಗ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದಿದ್ದಾನೆ, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಕೆಳಗೆ ಇಳಿಸಿದ್ದಾನೆ. "ಅಂಕಲ್, ಇದನ್ನ ಅಳಿಸಲಾ?" ಅಂತ ಕೇಳಿದ. ಬೇಡ ಅಂದೆ. ಈಗ ಮೇಳಕ್ಕೆ ಹೋಗುವಾಗ ಅವನ ಅಂಗಿ ಜೇಬಿನಲ್ಲಿ ಇರುವುದು ಅದೇ ಕಾರ್ಡು.