ಲಗ್ ಯಾವ ಹೌಸಿಂಗಿಗೆ, ರಿಬ್ ಯಾವುದಕ್ಕೆ: ಹತ್ತು ಚಕ್ರದ ಟಿಪ್ಪರಿನ ನನ್ನ ಅನುಭವ

ಬಿಡದಿ ಕಡೆಯಿಂದ ಎಂ-ಸ್ಯಾಂಡ್ ತುಂಬಿಕೊಂಡು ನೈಸ್ ರಸ್ತೆಯ ಮೂಲಕ ಸರ್ಜಾಪುರದ ಸೈಟುಗಳಿಗೆ ಹೋಗುವ ನನ್ನ ಟಿಪ್ಪರಿನ ಓಟ ಬಹುಪಾಲು ಡಾಂಬರಿನ ಮೇಲೆಯೇ ಆದರೂ, ಮಳೆಗಾಲದಲ್ಲಿ ಅದು ಹೂತುಕೊಳ್ಳುವುದು ಪಾಯ ತೋಡಿದ ಕೆಮ್ಮಣ್ಣಿನ ಕೊನೆಯ ಇನ್ನೂರು ಮೀಟರಿನಲ್ಲಿ. ಉದ್ದಗೆರೆಯ ರಿಬ್ ಟೈರು ಡಾಂಬರಿನಲ್ಲಿ ಬಾಳುತ್ತದೆ, ಕೆಸರಿನಲ್ಲಿ ಜಾರುತ್ತದೆ. ದಪ್ಪ ಅಡ್ಡಗಟ್ಟೆಗಳ ಲಗ್ ಟೈರು ಕೆಸರನ್ನು ಕಚ್ಚುತ್ತದೆಯಾದರೂ ಹೆದ್ದಾರಿಯಲ್ಲಿ ಕಾದು ಬೇಗ ಸವೆಯುತ್ತದೆ.

ಪಂಕ್ಚರ್ ಅಂಗಡಿಯವರೊಬ್ಬರ ಮಾತು ಕೇಳಿ ಮೊದಲು ಹಿಂಬದಿಯಲ್ಲಿ ಅಕ್ಕಪಕ್ಕ ಬಿಗಿಯುವ ಪ್ರತಿ ಟೈರು ಜೋಡಿಯಲ್ಲೂ ಹೊರಗೆ ಹೊಸ ಲಗ್, ಒಳಗೆ ಅರ್ಧ ಸವೆದ ರಿಬ್ ಹಾಕಿಸಿದೆ. ಎರಡು ತಿಂಗಳಲ್ಲಿ ಒಳಗಿನ ಟೈರುಗಳು ತೇಪೆ ತೇಪೆಯಾಗಿ ಸವೆದಿದ್ದವು. ಟೇಪು ಹಿಡಿದು ಅಳೆದಾಗ ಕಾರಣ ತಿಳಿಯಿತು. ರಬ್ಬರಿನ ಆಳದಲ್ಲಿ 1 ಮಿ.ಮೀ. ವ್ಯತ್ಯಾಸವೆಂದರೆ ಸುತ್ತಳತೆಯಲ್ಲಿ 6 ಮಿ.ಮೀ.ಗೂ ಹೆಚ್ಚು. ನನ್ನ ಜೋಡಿಗಳಲ್ಲಿ ಆಳದ ಅಂತರ 10 ಮಿ.ಮೀ. ಇತ್ತು, ಅಂದರೆ ಸುತ್ತಳತೆಯಲ್ಲಿ 60 ಮಿ.ಮೀ. ದಾಟಿತ್ತು. ಈ ಅಳತೆಯ ಟೈರು ಕಿಲೋಮೀಟರಿಗೆ ಸುಮಾರು 300 ಸುತ್ತು ಸುತ್ತುತ್ತದೆ. ಒಂದೇ ಹಬ್ಬಿಗೆ ಬಿಗಿದ ಎರಡೂ ಟೈರುಗಳು ಅಷ್ಟೇ ಸುತ್ತಬೇಕಾದ್ದರಿಂದ, ಚಿಕ್ಕದು ಲೆಕ್ಕದ ಪ್ರಕಾರ ಕಿಲೋಮೀಟರಿಗೆ ಹದಿನೆಂಟು ಮೀಟರಿನಷ್ಟು ಉಜ್ಜಿಕೊಂಡೇ ಸಾಗಬೇಕು, ಭಾರದ ಹೆಚ್ಚಿನ ಪಾಲನ್ನು ದೊಡ್ಡದು ಹೊರಬೇಕು. ಜೋಡಿಯೊಳಗೆ ಸುತ್ತಳತೆಯ ಅಂತರ 19 ಮಿ.ಮೀ. ದಾಟಬಾರದೆಂಬ ನಿಯಮ ನನಗೆ ಗೊತ್ತಾದದ್ದು ನಾಲ್ಕು ಟೈರು ಹಾಳಾದ ಮೇಲೆ.

ಆಮೇಲೆ ಬೆರೆಸಿದ್ದು ಹೌಸಿಂಗ್ ಲೆಕ್ಕದಲ್ಲಿ, ಅಂದರೆ ನಾಲ್ಕು ನಾಲ್ಕು ಟೈರುಗಳಿರುವ ಹಿಂಬದಿಯ ಎರಡು ಆಕ್ಸಲ್‌ಗಳ ಲೆಕ್ಕದಲ್ಲಿ: ಅವುಗಳಲ್ಲಿ ಮುಂದಿನ ಹೌಸಿಂಗಿಗೆ ನಾಲ್ಕೂ ರಿಬ್, ಹಿಂದಿನದಕ್ಕೆ ನಾಲ್ಕೂ ಲಗ್. ಇಲ್ಲಿಯೂ ಸುತ್ತಳತೆಯೇ ಮುಖ್ಯ. ಎರಡು ಹೌಸಿಂಗುಗಳ ಸರಾಸರಿ ಬೇರೆಯಾದರೆ, ಎರಡಕ್ಕೂ ಎಂಜಿನ್ನಿನ ಬಲ ಹಂಚಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಗೇರು, ಅಂದರೆ ಡಿಫರೆನ್ಶಿಯಲ್, ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತಲೇ ಇದ್ದು ಆಯಿಲ್ ಕಾಯುತ್ತದೆ. ಹಾಗಾಗಿ ಹೊಸ ಲಗ್ ಕೊಳ್ಳದೆ, ರಿಬ್ಬಿನ ಸುತ್ತಳತೆಗೆ ಹತ್ತಿರವಾಗುವಂತೆ ಸವೆದ ಲಗ್‌ಗಳನ್ನು ಆರಿಸಿದೆ.

ಮೊದಲ ಮಳೆಗೆ ಡ್ರೈವರ್ ಫೋನ್ ಮಾಡಿ, "ಅಣ್ಣಾ, ಲಗ್ ಹಾಕಿದ್ರೂ ಗಾಡಿ ಹತ್ತುತ್ತಿಲ್ಲ" ಎಂದ. ಎರಡೂ ಹೌಸಿಂಗುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಲಾಕ್ ಹಾಕದಿದ್ದರೆ ನಡುವಿನ ಡಿಫರೆನ್ಶಿಯಲ್ ಎರಡೂ ಕಡೆಗೆ ಸಮನಾದ ಬಲವನ್ನೇ ಕೊಡುತ್ತದೆ. ಮುಂದಿನ ರಿಬ್ ಜಾರಿ ತಿರುಗತೊಡಗಿದರೆ ಹಿಂದಿನ ಲಗ್‌ಗೆ ಸಿಗುವುದೂ ಅಷ್ಟು ಅಲ್ಪ ಬಲವೇ. ಗಾಡಿ ನಿಲ್ಲಿಸಿ ಲಾಕ್ ಹಾಕಿ ನೋಡೆಂದೆ. ಹೊರಬಂತು. ಕೆಸರಿಗೆ ಇಳಿಯುವ ಮುನ್ನವೇ ಲಾಕ್ ಹಾಕಬೇಕು, ಡಾಂಬರು ಹತ್ತುವ ಮೊದಲು ಬಿಡಿಸಬೇಕು, ಇಲ್ಲವಾದರೆ ಹೌಸಿಂಗಿನೊಳಗಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್‌ಗೇ ಏಟು ಎಂದು ಅವನಿಗೆ ಒತ್ತಿ ಹೇಳಿದ್ದೇನೆ.

ಸ್ಟೆಪ್ನಿಯ ತೊಡಕು ಮಾತ್ರ ಉಳಿದಿದೆ. ಇರುವುದೊಂದೇ, ಅದೂ ರಿಬ್. ಲಗ್ ಪಂಕ್ಚರ್ ಆದರೆ ಅದನ್ನೇ ಹಾಕಿಕೊಂಡು, ಲೋಡ್ ಇಳಿಸಿದ ಮೇಲೆ ನಿಧಾನವಾಗಿ ಬಂದು, ಅದೇ ಸಂಜೆ ಬದಲಿಸುತ್ತೇವೆ.