ಕ್ಯಾಮೆರಾದ ಫೋಟೊ ಕಂಪ್ಯೂಟರಿಗೆ: ಒಂದೂ ಕಳೆಯದಂತೆ ಇಳಿಸಿಕೊಳ್ಳುವುದು ಹೇಗೆ?

ತೆಗೆದ ಫೋಟೊಗಳನ್ನು ಮೆಮೊರಿ ಕಾರ್ಡಿನಲ್ಲೇ ತಿಂಗಳುಗಟ್ಟಲೆ ಬಿಟ್ಟುಬಿಡುವವರು ಬಹಳ ಮಂದಿ. ಅಷ್ಟೂ ದಿನ ಆ ಚಿತ್ರಗಳ ಒಂದೇ ಒಂದು ಪ್ರತಿ ಇರುವುದು ಅಂಚೆಚೀಟಿ ಗಾತ್ರದ ಒಂದು ಪ್ಲಾಸ್ಟಿಕ್ ತುಂಡಿನಲ್ಲಿ. ಅದು ಜೇಬಿನಿಂದ ಜಾರಬಹುದು, ಕೆಡಬಹುದು, ಮನೆಯಲ್ಲಿ ಯಾರೋ ತಿಳಿಯದೆ ಅಳಿಸಿಬಿಡಬಹುದು. ಮಗುವಿನ ಮೊದಲ ಹೆಜ್ಜೆಯ ಚಿತ್ರವನ್ನು ಎರಡನೇ ಸಲ ತೆಗೆಯಲಾಗುವುದಿಲ್ಲ. ಆದ್ದರಿಂದ ಫೋಟೊ ತೆಗೆದ ದಿನವೇ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಕೆಲಸ ಸುಲಭದ್ದೇ. ಆದರೆ ಎಡವುವ ಜಾಗಗಳು ಕೆಲವಿವೆ. ಅಲ್ಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತು ನೋಡೋಣ.

ಕೇಬಲ್ಲೋ, ಕಾರ್ಡ್ ರೀಡರೋ?

ಕ್ಯಾಮೆರಾವನ್ನೇ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಬಹುದು, ಇಲ್ಲವೇ ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರ್ ಎಂಬ ಪುಟ್ಟ ಸಾಧನಕ್ಕೆ ಹಾಕಿ ಓದಿಸಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಯಾವಾಗಲೂ ಕಾರ್ಡ್ ರೀಡರನ್ನೇ ಹೇಳುತ್ತೇನೆ. ಅದರಲ್ಲಿ ಕ್ಯಾಮೆರಾದ ಬ್ಯಾಟರಿ ಖರ್ಚಾಗುವುದಿಲ್ಲ, ಅರ್ಧದಲ್ಲಿ ಬ್ಯಾಟರಿ ಮುಗಿದು ಕೆಲಸ ಕೆಡುವ ಭಯವೂ ಇಲ್ಲ. ವೇಗದಲ್ಲೂ ಅದು ಮುಂದು. ಅನೇಕ ಹಳೆಯ ಕ್ಯಾಮೆರಾಗಳಲ್ಲಿ ಇರುವುದು ಯುಎಸ್‌ಬಿ 2.0 ಎಂಬ ಹಳೆಯ ಬಗೆಯ ಕೇಬಲ್ ಸಂಪರ್ಕ. ಅದರ ಗರಿಷ್ಠ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ನಿಜವಾಗಿ ಸಿಗುವುದು ಇನ್ನೂ ಕಡಿಮೆ. ಯುಎಚ್‌ಎಸ್-1 ದರ್ಜೆಯ ಕಾರ್ಡಿನ ಮಿತಿ ಸೆಕೆಂಡಿಗೆ 104 ಮೆಗಾಬೈಟ್. ಕಾರ್ಡ್ ವೇಗವಾಗಿದ್ದರೂ ಕ್ಯಾಮೆರಾದ ಕೇಬಲ್ ಅದನ್ನು ತಡೆದು ನಿಲ್ಲಿಸುತ್ತದೆ. ಯುಎಸ್‌ಬಿ 3.0 ರೀಡರಿನಲ್ಲಿ ಈ ತಡೆ ಇರುವುದಿಲ್ಲ.

ರೀಡರ್ ಹಳೆಯದಾಗಿದ್ದರೆ ಒಂದು ಎಚ್ಚರಿಕೆ ಬೇಕು. ಎಸ್‌ಡಿ ಕಾರ್ಡುಗಳು ಮೇಲ್ನೋಟಕ್ಕೆ ಒಂದೇ ತರಹ ಕಂಡರೂ 2 ಜಿಬಿಯವರೆಗಿನವು ಎಸ್‌ಡಿ, 32 ಜಿಬಿಯವರೆಗಿನವು ಎಸ್‌ಡಿಎಚ್‌ಸಿ, ಅದಕ್ಕೂ ಮೇಲೆ 2 ಟಿಬಿಯವರೆಗಿನವು ಎಸ್‌ಡಿಎಕ್ಸ್‌ಸಿ. ಹಳೆಯ ರೀಡರಿಗೆ ಹೊಸ ಜಾತಿಯ ಕಾರ್ಡ್ ಅರ್ಥವಾಗದೆ ಹೋದಾಗ ಕಂಪ್ಯೂಟರ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳಬಹುದು. ಫಾರ್ಮ್ಯಾಟ್ ಎಂದರೆ ಕಾರ್ಡನ್ನು ಪೂರ್ತಿ ಖಾಲಿ ಮಾಡುವುದು; ಯಾವ ಕಾರಣಕ್ಕೂ ಒಪ್ಪಬೇಡಿ. ಕಾರ್ಡ್ ತೆಗೆದು ಬೇರೆ ರೀಡರಿನಲ್ಲಿ ಹಾಕಿ ನೋಡಿ. ಬಹುಪಾಲು ಸಂದರ್ಭಗಳಲ್ಲಿ ಫೋಟೊಗಳೆಲ್ಲ ಅಲ್ಲೇ ಇರುತ್ತವೆ.

ಕಾರ್ಡನ್ನು ಹೊರತೆಗೆಯುವ ಮೊದಲು ಕ್ಯಾಮೆರಾ ಆಫ್ ಮಾಡಿ, ಕಾರ್ಡಿಗೆ ಬರೆಯುತ್ತಿರುವುದನ್ನು ಸೂಚಿಸುವ ಪುಟ್ಟ ದೀಪ ಆರುವವರೆಗೆ ಕಾಯಿರಿ. ಎಸ್‌ಡಿ ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಜಾರುಗುಂಡಿ ಇದೆ. ಅದನ್ನು ‘ಲಾಕ್’ ಕಡೆಗೆ ಸರಿಸಿ ರೀಡರಿಗೆ ಹಾಕಿದರೆ ಕಂಪ್ಯೂಟರಿನಿಂದ ಕೈತಪ್ಪಿ ಏನನ್ನೂ ಅಳಿಸಲಾಗುವುದಿಲ್ಲ. ಕ್ಯಾಮೆರಾಕ್ಕೆ ಹಿಂದಿರುಗಿಸುವಾಗ ಮತ್ತೆ ತೆರೆಯುವುದನ್ನು ಮರೆಯದಿದ್ದರೆ ಆಯಿತು.

ಕೇಬಲ್ಲೇ ಗತಿಯಾದರೆ ಬ್ಯಾಟರಿ ತುಂಬಿಸಿಕೊಂಡು, ಕ್ಯಾಮೆರಾ ಆಫ್ ಇರುವಾಗ ಕೇಬಲ್ ಜೋಡಿಸಿ, ಬಳಿಕ ಆನ್ ಮಾಡಿ. ಕ್ಯಾಮೆರಾ ಕಾಣಿಸಿಕೊಳ್ಳದಿದ್ದರೆ ಮೊದಲ ಅನುಮಾನ ಕೇಬಲಿನ ಮೇಲಿರಲಿ: ಚಾರ್ಜ್ ಮಾಡಲು ಮಾತ್ರ ಬರುವ, ಮಾಹಿತಿ ಸಾಗಿಸುವ ತಂತಿಗಳೇ ಇಲ್ಲದ ಕೇಬಲುಗಳೂ ಇವೆ. ಆಮೇಲೆ ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ಸಂಪರ್ಕದ ಆಯ್ಕೆ ನೋಡಿ. ‘ಮಾಸ್ ಸ್ಟೋರೇಜ್’ ಆರಿಸಿದರೆ ಕ್ಯಾಮೆರಾ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಚಿತ್ರ ಸಾಗಿಸುವ ಬೇರೆ ವಿಧಾನಗಳಾದ ‘ಪಿಟಿಪಿ’ ಅಥವಾ ‘ಎಂಟಿಪಿ’ ಆಗಿದ್ದರೆ ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರವಿಲ್ಲದೆ ಬರೀ ಸಾಧನವಾಗಿ ಕಾಣಿಸುತ್ತದೆ. ಮ್ಯಾಕ್‌ನಲ್ಲಿ ಫೈಂಡರ್ ಕಿಟಕಿಯಲ್ಲಿ ಕಾಣಿಸದೆ ಹೋದರೂ ‘ಇಮೇಜ್ ಕ್ಯಾಪ್ಚರ್’ ತಂತ್ರಾಂಶ ತೆರೆದರೆ ಸಿಗುತ್ತದೆ.

ವೈಫೈ ಮೂಲಕವೂ ಕಳುಹಿಸಬಹುದು, ಆದರೆ ನೂರಾರು ಚಿತ್ರಗಳಿಗೆ ಅದು ತಕ್ಕದ್ದಲ್ಲ. ಜೊತೆಗೆ ಕೆಲವು ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತವೆ; ಸೆಟಿಂಗ್ಸ್‌ನಲ್ಲಿ ಮೂಲ ಗಾತ್ರವನ್ನು ಆರಿಸಿಕೊಂಡಿದ್ದೀರಾ ಎಂದು ನೋಡಿಕೊಳ್ಳಿ.

ಮೊದಲು ಫೋಲ್ಡರ್, ಆಮೇಲೆ ಫೋಟೊ

ನಕಲು ಮಾಡುವ ಮೊದಲೇ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರ್ ಮಾಡಿ, ಅದಕ್ಕೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿಡಿ: ‘2025-03-14 ಪ್ರವಾಸ’ ಎಂಬ ಹಾಗೆ. ಹೀಗೆ ಹೆಸರಿಟ್ಟರೆ ಫೋಲ್ಡರುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೇ ತಾರೀಕು ಒಟ್ಟಿಗೆ ಗುಂಪುಗೂಡುತ್ತದೆ.

ಎಲ್ಲ ಚಿತ್ರಗಳನ್ನೂ ಒಂದೇ ಫೋಲ್ಡರಿಗೆ ಸುರಿಯಬೇಡಿ ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಡಿಜಿಟಲ್ ಕ್ಯಾಮೆರಾಗಳು 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಡಿಸಿಎಫ್ ಎಂಬ ನಿಯಮದಂತೆ ಫೈಲುಗಳಿಗೆ ಹೆಸರಿಡುತ್ತವೆ. ಮೊದಲ ನಾಲ್ಕು ಅಕ್ಷರಗಳ ನಂತರ ನಾಲ್ಕು ಅಂಕಿಗಳು, 0001ರಿಂದ 9999ರವರೆಗೆ. 9999 ಮುಗಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರು. ಹಾಗಾಗಿ ಒಂದೇ ಕ್ಯಾಮೆರಾದಿಂದ ಬಂದ ಎರಡು ಬೇರೆ ಬೇರೆ ಚಿತ್ರಗಳಿಗೆ ಒಂದೇ ಹೆಸರು ಬರುವುದು ಖಂಡಿತ; ಒಂದೇ ಕಂಪನಿಯ ಎರಡು ಕ್ಯಾಮೆರಾಗಳಿದ್ದರೆ ಇನ್ನೂ ಬೇಗ. ‘ಈ ಹೆಸರಿನ ಫೈಲ್ ಆಗಲೇ ಇದೆ, ಬದಲಿಸಲೇ?’ ಎಂಬ ಪ್ರಶ್ನೆಗೆ ಅವಸರದಲ್ಲಿ ಹೌದು ಎಂದರೆ ಹಳೆಯ ಚಿತ್ರ ಹೋಯಿತು. ಈ ಪ್ರಶ್ನೆ ಬಂದಾಗಲೆಲ್ಲ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನೇ ಒತ್ತಿ.

ಈಗ ಕಾರ್ಡನ್ನು ತೆರೆಯಿರಿ. ‘ಡಿಸಿಐಎಂ’ ಎಂಬ ಫೋಲ್ಡರಿನ ಒಳಗೆ 100, 101 ಎಂದು ಶುರುವಾಗುವ ಹೆಸರಿನ ಒಳ ಫೋಲ್ಡರುಗಳಿರುತ್ತವೆ, ಫೋಟೊಗಳು ಅವುಗಳಲ್ಲಿವೆ. ಒಂದಕ್ಕಿಂತ ಹೆಚ್ಚು ಇದ್ದರೆ ಎಲ್ಲವನ್ನೂ ತೆಗೆದುಕೊಳ್ಳಿ. ಕೆಲವು ಕ್ಯಾಮೆರಾಗಳು ವಿಡಿಯೊಗಳನ್ನು ‘ಪ್ರೈವೇಟ್’ ಎಂಬ ಬೇರೆಯೇ ಫೋಲ್ಡರಿನ ಆಳದಲ್ಲಿ ಇಡುತ್ತವೆ. ಫೋಟೊಗಳನ್ನು ಮಾತ್ರ ಇಳಿಸಿಕೊಂಡು ಕಾರ್ಡ್ ಖಾಲಿ ಮಾಡಿದವರು ವಿಡಿಯೊಗಳನ್ನು ಕಳೆದುಕೊಳ್ಳುವುದು ಇಲ್ಲೇ. ಕಾರ್ಡಿನಲ್ಲಿ ಇರುವುದೆಲ್ಲವನ್ನೂ ಇದ್ದ ಹಾಗೆಯೇ ನಕಲು ಮಾಡುವುದು ಇದಕ್ಕೆ ಸುಲಭದ ಉಪಾಯ.

‘ಕಾಪಿ’ ಮಾಡಿ, ‘ಕಟ್’ ಮಾಡಬೇಡಿ. ಕಟ್ ಮಾಡಿ ಸಾಗಿಸುವಾಗ ವಿದ್ಯುತ್ ಹೋದರೆ ಅಥವಾ ಕಾರ್ಡ್ ಅಲುಗಿದರೆ, ಅರ್ಧ ಫೋಟೊಗಳು ಅಲ್ಲಿ, ಅರ್ಧ ಇಲ್ಲಿ, ನಡುವಿನದು ಎಲ್ಲಿಯೂ ಇಲ್ಲ ಎಂಬ ಸ್ಥಿತಿ ಬರಬಹುದು. ಫೋಟೊ ಇಳಿಸುವ ತಂತ್ರಾಂಶ ಬಳಸುವವರು ‘ಇಳಿಸಿದ ಮೇಲೆ ಕಾರ್ಡಿನಿಂದ ಅಳಿಸು’ ಎಂಬ ಆಯ್ಕೆಗೆ ಟಿಕ್ ಇದ್ದರೆ ತೆಗೆದುಹಾಕಿ.

ಬಂದಿವೆಯೇ ಎಂದು ಕಣ್ಣಾರೆ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕಾರ್ಡಿನ ಫೋಲ್ಡರ್ ಮತ್ತು ಕಂಪ್ಯೂಟರಿನ ಫೋಲ್ಡರ್ ಎರಡರ ವಿವರವನ್ನೂ ತೆರೆದು ಫೈಲುಗಳ ಸಂಖ್ಯೆ ಮತ್ತು ಬೈಟುಗಳ ಲೆಕ್ಕ ಒಂದೇ ಇದೆಯೇ ನೋಡಿ. ಬಳಿಕ ಮೊದಲನೆಯದು, ಕೊನೆಯದು, ನಡುವಿನ ಕೆಲವು ಚಿತ್ರಗಳನ್ನು ತೆರೆದು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಫೋಲ್ಡರಿನಲ್ಲಿ ಕಾಣುವ ಚಿಕ್ಕ ಚಿತ್ರಗಳನ್ನು ನಂಬಬೇಡಿ. ಕ್ಯಾಮೆರಾ ಪ್ರತಿ ಫೈಲಿನೊಳಗೆ ಒಂದು ಕಿರುಚಿತ್ರವನ್ನು ಬೇರೆಯಾಗಿ ಸೇರಿಸಿರುತ್ತದೆ. ಮೂಲ ಚಿತ್ರದ ಕೆಳಭಾಗ ಕೆಟ್ಟು ಬೂದು ಪಟ್ಟಿಯಾಗಿದ್ದರೂ ಆ ಕಿರುಚಿತ್ರ ಚೆನ್ನಾಗಿಯೇ ಕಾಣಬಹುದು.

ಎಲ್ಲ ಸರಿಯಿದ್ದರೆ ‘ಇಜೆಕ್ಟ್’ ಒತ್ತಿ ಕಾರ್ಡ್ ಹೊರತೆಗೆಯಿರಿ. ಆಮೇಲೆ ಇನ್ನೊಂದು ಹಾರ್ಡ್ ಡಿಸ್ಕಿಗೋ ಅಂತರಜಾಲದ ಸಂಗ್ರಹಕ್ಕೋ ಎರಡನೇ ಪ್ರತಿ ಹೋಗಬೇಕು. ಆ ಎರಡನೇ ಪ್ರತಿ ಸಿದ್ಧವಾಗುವವರೆಗೆ ಕಾರ್ಡನ್ನು ಮುಟ್ಟಬೇಡಿ.

ಖಾಲಿ ಮಾಡುವ ಹೊತ್ತು ಬಂದಾಗ ಅದನ್ನು ಕಂಪ್ಯೂಟರಿನಲ್ಲಿ ಮಾಡದೆ, ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ಅದರ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಆಗ ಕ್ಯಾಮೆರಾ ತನಗೆ ಬೇಕಾದ ಫೋಲ್ಡರುಗಳನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಕಾರ್ಡಿನಿಂದ ನೇರವಾಗಿ ಅಳಿಸಿದ ಚಿತ್ರಗಳು ಕಾರ್ಡಿನಲ್ಲೇ ಅಡಗಿದ ಕಸದ ಫೋಲ್ಡರಿಗೆ ಹೋಗಿ ಕುಳಿತಿರುತ್ತವೆ, ಆ ಕಸವನ್ನು ಖಾಲಿ ಮಾಡುವವರೆಗೆ ಜಾಗ ಖಾಲಿಯಾಗುವುದೇ ಇಲ್ಲ.

ಹಿಮ್ಮುಖ ಪ್ರಯಾಣ

ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರವನ್ನು ಮತ್ತೆ ಕಾರ್ಡಿಗೆ ಹಾಕಿದರೆ ಕ್ಯಾಮೆರಾ ಅದನ್ನು ತೋರಿಸದಿರುವುದೇ ಹೆಚ್ಚು. ಹೆಸರು ನಿಯಮಕ್ಕೆ ತಕ್ಕಂತೆ ಇಲ್ಲದಿದ್ದರೂ, ಫೈಲಿನ ಒಳರಚನೆ ಬದಲಾಗಿದ್ದರೂ ಅದು ಒಪ್ಪುವುದಿಲ್ಲ. ಟಿವಿಯಲ್ಲಿ ತೋರಿಸಬೇಕಿದ್ದರೆ ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕಾರ್ಡಿನಲ್ಲಿರುವ ಫೈಲುಗಳ ಹೆಸರನ್ನು ಕಂಪ್ಯೂಟರಿನಿಂದ ಬದಲಿಸುವುದು, ಅಲ್ಲೇ ಚಿತ್ರ ತಿರುಗಿಸುವುದು ಕೂಡ ಬೇಡ.

ಇಳಿಸಿಕೊಳ್ಳುವ ಮೊದಲೇ ಕಾರ್ಡ್ ಅಳಿಸಿಹೋದರೆ?

ಆ ಕ್ಷಣವೇ ಕ್ಯಾಮೆರಾ ಆಫ್ ಮಾಡಿ, ಕಾರ್ಡನ್ನು ತೆಗೆದಿಡಿ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಫೈಲುಗಳ ಪಟ್ಟಿ ಮಾತ್ರ. ಚಿತ್ರದ ಮಾಹಿತಿ ಅದರ ಮೇಲೆ ಹೊಸದು ಬರೆಯುವವರೆಗೆ ಉಳಿದಿರುತ್ತದೆ. ಇನ್ನೊಂದೇ ಒಂದು ಫೋಟೊ ತೆಗೆದರೂ ಹಳೆಯದೊಂದು ಶಾಶ್ವತವಾಗಿ ಹೋಗಬಹುದು. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಇಂಥ ಕಾರ್ಡುಗಳಿಂದ ಚಿತ್ರಗಳನ್ನು ಹೆಕ್ಕಿ ತೆಗೆಯಬಲ್ಲದು. ಸಿಕ್ಕಿದ ಫೈಲುಗಳನ್ನು ಅದೇ ಕಾರ್ಡಿಗೆ ಉಳಿಸದೆ ಕಂಪ್ಯೂಟರಿನ ಡಿಸ್ಕಿಗೆ ಉಳಿಸಿಕೊಳ್ಳಿ. ಹಳೆಯ ಹೆಸರುಗಳು ಹೋಗಿರುತ್ತವೆ, ಆದರೆ ಫೋಟೊ ತೆಗೆದ ದಿನಾಂಕ ಮತ್ತು ಸಮಯ ಫೈಲಿನೊಳಗೇ ಇರುವುದರಿಂದ ಅದರ ಪ್ರಕಾರ ಮತ್ತೆ ಜೋಡಿಸಿಕೊಳ್ಳಬಹುದು.