ಸಿಡಿಲಿನಿಂದ ವಿಮಾನವನ್ನು ಕಾಪಾಡುವುದು ಹೇಗೆ?

ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ ಮಧ್ಯಾಹ್ನ ಕಳೆಯುತ್ತಿದ್ದಂತೆ ಮಲೆನಾಡಿನ ಬೆಟ್ಟಗಳ ಮೇಲೆ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ. 2023ರಲ್ಲಿ ಶಿವಮೊಗ್ಗದ ಸೋಗಾನೆಯಿಂದ ವಿಮಾನ ಹಾರತೊಡಗಿದ ಮೇಲೆ, ಇಂಥ ಆಕಾಶದಲ್ಲಿ ಅದಕ್ಕೆ ಸಿಡಿಲು ಬಡಿದರೆ ಏನು ಗತಿ ಎಂಬುದು ನಮ್ಮ ಮನೆಗಳ ಪ್ರಶ್ನೆಯೂ ಆಗಿದೆ.

ಮೊದಲ ಕೆಲಸ ದೂರವಿರುವುದು. ಮೂತಿಯೊಳಗಿನ ರೇಡಾರ್ ಮಳೆಮೋಡವನ್ನು ತೋರಿಸುತ್ತದೆ; ತೀವ್ರ ಗುಡುಗುಮೋಡದಿಂದ ಕನಿಷ್ಠ 20 ಮೈಲಿ ಆಚೆ ಹಾರಬೇಕೆಂಬುದು ಪೈಲಟ್‌ಗಳಿಗಿರುವ ಸಲಹೆ. ಆದರೂ ಪ್ರಯಾಣಿಕರ ವಿಮಾನವೊಂದಕ್ಕೆ ಸರಾಸರಿ ವರ್ಷಕ್ಕೊಮ್ಮೆ ಸಿಡಿಲು ಬಡಿಯುತ್ತದೆ.

ಹಾಗಾಗಿ ಎರಡನೆಯ ಕೆಲಸ, ಬಂದ ಸಿಡಿಲಿಗೆ ದಾರಿ ಬಿಡುವುದು. ಮನೆಯ ಮಿಂಚುಬಂಧಕ ವಿದ್ಯುತ್ತನ್ನು ನೆಲಕ್ಕಿಳಿಸುತ್ತದೆ; ಹಾರುವ ವಿಮಾನಕ್ಕೆ ನೆಲವೇ ಇಲ್ಲದ್ದರಿಂದ ಮೂತಿಯಲ್ಲೋ ರೆಕ್ಕೆಯ ತುದಿಯಲ್ಲೋ ಹೊಕ್ಕ ವಿದ್ಯುತ್ತು ಅಲ್ಯೂಮಿನಿಯಂ ಮೈಯ ಹೊರಮಗ್ಗುಲಲ್ಲೇ ಹರಿದು ಬಾಲದಿಂದ ಹೊರಬೀಳುವಂತೆ ನೋಡಿಕೊಳ್ಳುತ್ತಾರೆ. ಬೋಯಿಂಗ್ 787ರಂತೆ ಕಾರ್ಬನ್ ನಾರಿನ ಮೈಯಿದ್ದರೆ ಅದು ಲೋಹದಷ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯದು. ಆದ್ದರಿಂದ ಬಣ್ಣದ ಅಡಿಯಲ್ಲಿ ತೆಳುವಾದ ಲೋಹದ ಜಾಲರಿ ಹಾಸುತ್ತಾರೆ.

ದಾರಿ ಎಲ್ಲೂ ತುಂಡಾಗಬಾರದು. ಬಾಲದ ಚುಕ್ಕಾಣಿ, ರೆಕ್ಕೆಯ ಮಡಿಕೆಗಳು ತಿರುಗುವ ಕೀಲುಗಳಲ್ಲಿ ಜಡೆಯಂತೆ ಹೆಣೆದ ಲೋಹದ ಪಟ್ಟಿಯೊಂದು ಒಂದು ಭಾಗವನ್ನು ಇನ್ನೊಂದಕ್ಕೆ ಕಟ್ಟಿರುತ್ತದೆ. ಬೆರಳುದ್ದದ ಆ ಪಟ್ಟಿ ಹರಿದಿದ್ದರೆ ವಿದ್ಯುತ್ತು ಬೇರಿಂಗ್ ಮೂಲಕವೇ ನುಗ್ಗಿ ಅದನ್ನು ಸುಡಬಹುದು. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಗೌರವಿಸಬೇಕಾದ ವಸ್ತು ಇದೇ ಎಂದು ನನಗನಿಸುತ್ತದೆ. ರೆಕ್ಕೆಯ ಹಿಂಬದಿಯಲ್ಲಿ ಕಾಣುವ ಕಡ್ಡಿಗಳನ್ನು ಹಲವರು ಮಿಂಚುಬಂಧಕ ಎಂದುಕೊಳ್ಳುತ್ತಾರೆ; ಅವು ಇರುವುದು ಹಾರಾಟದಲ್ಲಿ ಮೈಮೇಲೆ ಕೂಡುವ ಸ್ಥಾಯೀ ವಿದ್ಯುತ್ತನ್ನು ಬಿಟ್ಟು ರೇಡಿಯೋದ ಗೊರಗೊರ ತಗ್ಗಿಸಲು.

ಇಂಧನ ಟ್ಯಾಂಕಿನ ಪಾಠವನ್ನು ಜೀವ ತೆತ್ತು ಕಲಿಯಬೇಕಾಯಿತು. 1963ರ ಡಿಸೆಂಬರ್ 8ರಂದು ಅಮೆರಿಕದ ಎಲ್ಕ್‌ಟನ್ ಬಳಿ ಸಿಡಿಲಿನಿಂದ ಪ್ಯಾನ್ ಆಮ್ ವಿಮಾನದ ರೆಕ್ಕೆಯ ಟ್ಯಾಂಕಿನಲ್ಲಿದ್ದ ಇಂಧನದ ಆವಿ ಹೊತ್ತಿಕೊಂಡು 81 ಜನ ಸತ್ತರು. ಈಗ ಟ್ಯಾಂಕಿನ ಸುತ್ತಲಿನ ತಗಡು ಸಿಡಿಲಿಗೆ ತೂತಾಗದಷ್ಟು ದಪ್ಪವಿರುತ್ತದೆ. ಮುಚ್ಚಳ, ಗಾಳಿಕಿಂಡಿ, ತಿರುಪುಗಳ ಬಳಿ ಕಿಡಿ ಏಳದಂತೆ ಪರೀಕ್ಷಿಸಿರುತ್ತಾರೆ.

ಸಿಡಿಲು ಬಡಿದ ವಿಮಾನ ಇಳಿದ ಮೇಲೆ ಎಂಜಿನಿಯರ್‌ಗಳು ಟಾರ್ಚ್ ಹಿಡಿದು ಮೂತಿಯಿಂದ ಬಾಲದವರೆಗೆ ಹುಡುಕುತ್ತಾರೆ. ವಿಮಾನ ಮುಂದಕ್ಕೆ ಓಡುತ್ತಿದ್ದಂತೆ ಸಿಡಿಲು ಹಿಂದುಹಿಂದಕ್ಕೆ ಹೆಜ್ಜೆ ಹಾಕಿದ ಗುರುತಾಗಿ, ರಿವೆಟ್‌ಗಳ ತಲೆಯ ಮೇಲೆ ರಾಗಿಕಾಳಿನಂಥ ಕರಕಲು ಚುಕ್ಕೆಗಳ ಸಾಲು ಸಿಗುತ್ತದೆ. ಒಂದೊಂದನ್ನೂ ಗುರುತುಹಾಕಿ, ಲೋಹದ ಪಟ್ಟಿಗಳನ್ನು ಮುಟ್ಟಿ ನೋಡಿ, ದಿಕ್ಸೂಚಿ ಮತ್ತು ರೇಡಿಯೋ ಪರೀಕ್ಷಿಸಿ, ಎಂಜಿನಿಯರ್ ಸಹಿ ಹಾಕಿದ ಮೇಲೆಯೇ ಅದು ಮತ್ತೆ ಹಾರುತ್ತದೆ.